ಮಕಾವಿನಲ್ಲಿ ನಾನು ಗೊತ್ತಿಲ್ಲ ಎಂದ ಮನುಷ್ಯ

ನನ್ನ ಸೋದರಮಾವನನ್ನು ನಾನು ಗೊತ್ತಿಲ್ಲ ಎಂದೆ. ಅವನ ಎದುರಿಗೇ ಎಂದೆ, ನಾಲ್ಕು ಜನಕ್ಕೆ ಕೇಳಿಸುವಂತೆ ಎಂದೆ. ಇಂಗ್ಲಿಷಿನಲ್ಲಿ ಎಂದೆ — ಅವನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ ಎಂದು ಗೊತ್ತಿದ್ದೂ ಎಂದೆ. ಮರುದಿನ ಅದೇ ಊರಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬೆಳ್ಳಿ ಬಣ್ಣದ ಒಂದು ತಟ್ಟೆ ತಂದೆ. ಅದು ಹಂದನಕೆರೆಯ ನಮ್ಮ ಮನೆಯಲ್ಲಿ, ಬಂದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವ ಗೋಡೆಗೂಡಿನಲ್ಲಿದೆ. ಅದನ್ನು ಹೇಗೆ ಗೆದ್ದೆ ಎಂದು ಈ ಮೂರು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಹೇಳಬಲ್ಲವನು ಇನ್ನೊಬ್ಬನಿದ್ದ. ಅವನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ — ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ವಾದ ನನ್ನ ಕಸುಬು. ಆಗ ತುಮಕೂರಿನಲ್ಲಿ ಕಾನೂನು ಓದುತ್ತಿದ್ದೆ, ಈಗ ತಿಪಟೂರಿನ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಯಾವ ಕಡೆ ನಿಲ್ಲಿಸಿದರೂ ಹತ್ತು ನಿಮಿಷ ಮಾತಾಡಬಲ್ಲೆ. ನನ್ನ ಕಡೆಯಿಂದಲೂ ಮಾತಾಡಬಲ್ಲೆ. ಇಲ್ಲಿ ಮಾತಾಡುವುದಿಲ್ಲ.

ಮಾವನ ಹೆಸರು ಮರುಳಪ್ಪ, ಅಮ್ಮನ ಅಣ್ಣ. ಊರಿನವರು ಕಿವಿ ಮರುಳಪ್ಪ ಎನ್ನುತ್ತಾರೆ. ಕಾರಣ ಗೊತ್ತಾಗಲು ನಮ್ಮ ಕಡೆಯ ಕೊಬ್ಬರಿ ಗೊತ್ತಿರಬೇಕು. ನಾವು ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾದರೆ ಕೊಬ್ಬರಿಯಾಯಿತು. ಒಡೆಯದೆ ಒಳಗಿನ ಸ್ಥಿತಿ ತಿಳಿಯಬೇಕಾದರೆ ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಇದು ಎಲ್ಲರಿಗೂ ಸ್ವಲ್ಪ ಬರುತ್ತದೆ. ಮಾವನಿಗೆ ಬರುವಷ್ಟು ಯಾರಿಗೂ ಬರುವುದಿಲ್ಲ. ಕಂದಿಕೆರೆಯಿಂದ ಕಿಬ್ಬನಹಳ್ಳಿಯವರೆಗೆ, ಅಟ್ಟದಿಂದ ಕಾಯಿ ಇಳಿಸುವ ಮುಂಚೆ ಜನ ಅವನನ್ನು ಕರೆಸುತ್ತಾರೆ.

ಇನ್ನೊಂದು ರೂಢಿಯನ್ನೂ ಹೇಳಬೇಕು, ಯಾಕೆಂದರೆ ಕಥೆಯೆಲ್ಲ ಅದರಿಂದಲೇ ಕೆಟ್ಟಿತು. ನಮ್ಮಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ಕಾಯಿ ರಾಶಿ ಕಂಡರೆ ಒಂದನ್ನು ಎತ್ತಿ ಕಿವಿಗೆ ಹಿಡಿಯುತ್ತೇವೆ. ಕೇಳಿ ಎತ್ತುವುದಿಲ್ಲ. ಅದು ಕುಶಲ ವಿಚಾರಿಸಿದ ಹಾಗೆ — ಎತ್ತದೆ ಹೋದರೇ ಮನೆಯವರಿಗೆ ಬೇಸರ.

ನಾನು ಎಂಟು ವರ್ಷದವಳಿದ್ದಾಗ ಮಾವ ನನ್ನನ್ನು ಸುಲಿದ ಕಾಯಿಗಳ ಮಧ್ಯೆ ಕೂರಿಸಿಕೊಂಡು ಹೇಳಿಕೊಟ್ಟಿದ್ದ. "ಕಾಯಿ ತುಂಬ ನೀರಿದ್ರೆ ಸದ್ದು ದಪ್ಪ ಕಣವ್ವ. ಬಿರುಕು ಬಿಟ್ಟಿದ್ರೆ ನೀರ್ ಸೋರಿ ಹೋಗಿ ಸದ್ದೇ ಇರಕಿಲ್ಲ. ಒಳಗೆ ಹೂವು ಕಟ್ಟೋಕೆ ಶುರುವಾದ್ರೆ ನೀರು ಹೋಗಿ ಅದ್ಕೆ ತಾಕ್ತದೆ, ಹೂವು ಮೆತ್ತಗಲ್ವಾ — ಸದ್ದು ಅರ್ಧಕ್ಕೇ ನಿಂತೋಯ್ತದೆ." ಕಾಯಿಯೊಳಗೆ ಮೊಳಕೆಗೆ ಮುಂಚೆ ಕಟ್ಟುವ ಬಿಳಿ ಉಂಡೆಗೆ ನಾವು ಹೂವು ಎನ್ನುತ್ತೇವೆ. ನಾನು ಸುಮ್ಮನೆ ಒಪ್ಪುವ ಮಗುವಲ್ಲ. ಹೌದಾ ಅಲ್ಲವಾ ಅಂತ ಒಡೆಸಿ ನೋಡಿದೆ. ಹೌದು. ಇನ್ನೊಂದು ಒಡೆಸಿದೆ. ಹೌದು. ಅಜ್ಜಿ ಬೈದರೆ ಮಾವ ನಗುತ್ತಿದ್ದ. "ಒಡೀಲಿ ಬುಡು. ನಂಬಿದ್ದಕ್ಕಿಂತ ನೋಡಿದ್ದು ವಾಸಿ." ಆಮೇಲೆ ವಾದಕ್ಕೆ ಎಳೆಯುತ್ತಿದ್ದ — ಹಸು ಮೇಲೋ ಎಮ್ಮೆ ಮೇಲೋ, ಯಾವುದಾದರೂ ಸರಿ. ನಾನು ಗೆಲ್ಲುವ ಹೊತ್ತಿಗೆ, "ಆಯ್ತು, ಈಗ ನನ್ ಕಡೆ ನೀನ್ ಮಾತಾಡು, ನಿನ್ ಕಡೆ ನಾನ್ ಮಾತಾಡ್ತೀನಿ" ಎನ್ನುತ್ತಿದ್ದ. ನನ್ನ ಮೊದಲ ಚರ್ಚಾಶಾಲೆ ಅದು. ಬಯೋಡೇಟಾದಲ್ಲಿ ಅದನ್ನು ನಾನೆಂದೂ ಬರೆದಿಲ್ಲ.

ಮಕಾವಿನ ಚರ್ಚಾಸ್ಪರ್ಧೆಗೆ ಹೋಗುವ ತಂಡದಲ್ಲಿ ಇಬ್ಬರೇ, ನಾನು ಮತ್ತು ಬೆಂಗಳೂರಿನ ತಾನ್ಯಾ. ಅಮ್ಮ ಪಟ್ಟು ಹಿಡಿದಳು — "ಅಣ್ಣ ಜೊತೇಲಿ ಬಂದ್ರೆ ಹೋಗು, ಇಲ್ದಿದ್ರೆ ಇಲ್ಲ." ಮಾವ ಒಂದೇ ಮಾತಿಗೆ ಒಪ್ಪಿದ. ಪಾಸ್‌ಪೋರ್ಟು ಮಾಡಿಸಿದ, ಹೊಸ ಪಂಚೆ ತಂದ. ಆತಿಥ್ಯ ಕೊಡುವವರ ಮನೆಗೆ ಬರಿಗೈಲಿ ಹೋಗಬಾರದೆಂದು ಬ್ಯಾಗಿನಲ್ಲಿ ಹನ್ನೆರಡು ಉಂಡೆ ಕೊಬ್ಬರಿ ಇಟ್ಟುಕೊಂಡ. ಕೊಬ್ಬರಿ ಎಣ್ಣೆ ಪದಾರ್ಥ, ವಿಮಾನದಲ್ಲಿ ಬೆಂಕಿ ಹತ್ತಬಹುದು ಎಂದು ಬೆಂಗಳೂರಿನ ನಿಲ್ದಾಣದಲ್ಲಿ ತೆಗೆಸಿದರು. "ಬೆಂಕಿಯಂತೆ! ನಮ್ ಅಟ್ಟದ ಕೆಳಗೆ ನಮ್ಮವ್ವ ಅರವತ್ ವರ್ಷ ಒಲೆ ಉರ್ಸವ್ಳೆ ಕಣ್ರೀ" ಎಂದು ಮಾವ ಸಾಲು ನಿಂತವರಿಗೆಲ್ಲ ಕೇಳುವಂತೆ ವಾದಿಸಿದ. ತಾನ್ಯಾ ಆಗಲೇ ಬೇರೆ ವಿಮಾನದಲ್ಲಿ ಹೋಗಿದ್ದಳು, ಪುಣ್ಯ ಅಂದುಕೊಂಡೆ. ನಾನು ಮೆಲ್ಲಗೆ ಪಕ್ಕದ ಸಾಲಿಗೆ ಸರಿದೆ. ಪಾಪ ಶುರುವಾದದ್ದು ಅಲ್ಲಿಂದಲೇ ಇರಬೇಕು. ಇರಬೇಕು ಏನು, ಅಲ್ಲಿಂದಲೇ.

ಹಾಂಗ್‌ಕಾಂಗಿನಲ್ಲಿ ಇಳಿದು ಸಮುದ್ರದ ಮೇಲಿನ ಉದ್ದ ಸೇತುವೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅವನಿಗೆ ಹೇಳಿದೆ: "ಮಾವ, ಮನೆಯೋರು ಜೊತೇಲಿ ಬಂದಿದಾರೆ ಅಂತ ಗೊತ್ತಾದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ. ರೂಲ್ಸು. ಅಲ್ಲಿ ಯಾರ ಎದುರಿಗೂ ನೀನು ನನ್ನ ಮಾತಾಡಿಸ್ಬೇಡ."

ಅಂಥ ರೂಲ್ಸು ಇರಲಿಲ್ಲ. ಕೆಲವರು ಅಪ್ಪ ಅಮ್ಮನ ಜೊತೆಗೇ ಬಂದಿದ್ದರು.

"ಹಂಗಾ?" ಎಂದ ಮಾವ. ಸಮುದ್ರ ನೋಡಿದ. "ಹಂಗಾದ್ರೆ ನಾನು ಯಾರೋ, ನೀನು ಯಾರೋ. ಸರಿ ಬುಡು."

ಅವನಿಗೆ ಹಳೆಯ ಪೇಟೆಯಲ್ಲಿ ಸಣ್ಣದೊಂದು ಲಾಡ್ಜು, ನನಗೆ ವಿಶ್ವವಿದ್ಯಾಲಯದ ಹಾಸ್ಟೆಲು. ಮೊದಲ ಸಂಜೆ ಒಬ್ಬಳೇ ತಪ್ಪಿಸಿಕೊಂಡು ಅವನನ್ನು ನೋಡಲು ಹೋದೆ. ಇಬ್ಬರೂ ಊರು ಸುತ್ತಿದೆವು. ಎಂಥ ಊರು! ಪೋರ್ಚುಗೀಸರು ಬಂದು ನೂರಾರು ವರ್ಷ ಕೂತಿದ್ದ ಚೀನೀ ಬಂದರು. ಬೀದಿಯ ಹೆಸರು ನೀಲಿ ಬಿಳಿ ಹೆಂಚಿನ ಮೇಲೆ ಎರಡು ಭಾಷೆಯಲ್ಲಿ. ಕಾಲ ಕೆಳಗೆ ಕಪ್ಪು ಬಿಳಿ ಕಲ್ಲಿನಲ್ಲಿ ಅಲೆಯ ಚಿತ್ತಾರ. ಕಡಲಿನ ದೇವಿಯ ಗುಡಿಯಲ್ಲಿ ಸುರುಳಿ ಸುತ್ತಿದ ಊದುಬತ್ತಿಗಳು ಚಾವಣಿಯಿಂದ ತೂಗುತ್ತಿದ್ದವು. ಸ್ವಲ್ಪ ದೂರದಲ್ಲೇ ಹಳದಿ ಬಣ್ಣದ ಚರ್ಚು. ಮಾವ ಎರಡೂ ಕಡೆ ಚಪ್ಪಲಿ ಬಿಟ್ಟು ಕೈ ಮುಗಿದ.

"ಯಾವ ದೇವರು ಅಂತ ಗೊತ್ತಿಲ್ದೆ ಕೈ ಮುಗೀತೀಯಲ್ಲ ಮಾವ?"

"ನಂಗ್ ಗೊತ್ತಿಲ್ದಿದ್ರೆ ಏನಂತೆ, ಅವ್ರಿಗೆ ನಾನ್ ಗೊತ್ತಿದ್ರೆ ಸಾಕು."

"ಗೊತ್ತು ಅನ್ನೋದಕ್ಕೆ ಪುರಾವೆ?"

"ಇಷ್ಟ್ ದೂರ ಕರ್ಕೊಂಡ್ ಬಂದವ್ರಲ್ಲ, ಪುಕ್ಸಟ್ಟೆನಾ?"

ಗುಡ್ಡದ ಮೇಲೆ ಬೆಂಕಿಗೆ ಸಿಕ್ಕಿ ಸುಟ್ಟುಹೋದ ದೊಡ್ಡ ಚರ್ಚಿನ ಮುಂಗೋಡೆ ಮಾತ್ರ ನಿಂತಿದೆ. ಮಾವ ಹಿಂದೆ ಹೋಗಿ ನೋಡಿಬಂದ, ಮತ್ತೆ ಮುಂದೆ ಬಂದು ನೋಡಿದ. "ಹಿಂದ್ಗಡೆ ಏನೂ ಇಲ್ಲ ಕಣವ್ವ" ಎಂದ, ನನಗೆ ಗುಟ್ಟು ಹೇಳುವವನಂತೆ.

ಎರಡನೆಯ ದಿನ ನಾವು ಫೈನಲ್ಲಿಗೆ ಬಂದೆವು. ಮಧ್ಯಾಹ್ನ ಬಿಡುವು. ಇನೇಸ್ ಎಂಬ ಸ್ಥಳೀಯ ವಿದ್ಯಾರ್ಥಿನಿ ನನ್ನನ್ನೂ ತಾನ್ಯಾಳನ್ನೂ ಊರು ತೋರಿಸಲು ಕರೆದೊಯ್ದಳು. ನಡೆಯುತ್ತಲೇ ತನ್ನ ವಂಶ ಹೇಳಿದಳು — ಅಜ್ಜಿ ಚೀನಾದವಳು, ಅಜ್ಜ ಪೋರ್ಚುಗೀಸ್ ನಾವಿಕನ ಮಗ, ಅವನ ತಾಯಿ ಗೋವಾದವಳು. ಅಜ್ಜಿ ಮೀನು ಮಾರುತ್ತಿದ್ದಳಂತೆ. ಅದನ್ನು ಪದವಿ ಹೇಳುವ ಹಾಗೆ ಹೇಳಿದಳು. ನನ್ನ ಸರದಿ ಬಂದಾಗ ನಾನು, "ಬೆಂಗಳೂರಿನ ಹತ್ತಿರ" ಎಂದೆ. ನೂರೈವತ್ತು ಕಿಲೋಮೀಟರನ್ನು ಒಂದೇ ಪದದಲ್ಲಿ ನುಂಗಿದೆ.

ಇಕ್ಕಟ್ಟಾದ ಓಣಿಯಲ್ಲಿ ಒಂದು ತೆಂಗಿನಕಾಯಿ ಅಂಗಡಿ. ಸಮುದ್ರದಾಚೆಯಿಂದ ತರಿಸಿದ ಸುಲಿದ ಕಾಯಿ, ತುರಿದ ಕಾಯಿ, ಹಿಂಡಿದ ಹಾಲು. ವಾಸನೆ ಓಣಿಯ ತುದಿಗೇ ಬಂತು — ನಮ್ಮ ಮನೆಯದೇ ವಾಸನೆ. ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು, ಫೋನು ಹಿಡಿದಿದ್ದರು. ಅಂಗಡಿಯ ಅಜ್ಜಿ ಕಾಯಿ ಒಡೆಯುವ ಕತ್ತಿ ಹಿಡಿದು ಕೂಗಾಡುತ್ತಿದ್ದಳು. ಅವಳ ಕಾಲ ಬಳಿ, ಹೊಸ ಪಂಚೆ ಮೊಣಕಾಲಿಗೆ ಎತ್ತಿ ಕುಕ್ಕರುಗಾಲಲ್ಲಿ ಕೂತು, ಕಿವಿಗೊಂದು ಕಾಯಿ ಹಿಡಿದು ಅಲ್ಲಾಡಿಸುತ್ತ — ಮಾವ. ಆಗಲೇ ಎರಡು ಗುಡ್ಡೆ ಮಾಡಿಬಿಟ್ಟಿದ್ದ.

ಕುಶಲ ವಿಚಾರಿಸುತ್ತಿದ್ದ. ಅಷ್ಟೇ. ಅಲ್ಲಿದ್ದವರಲ್ಲಿ ಅದು ಅರ್ಥವಾಗಬಹುದಾಗಿದ್ದದ್ದು ನನಗೊಬ್ಬಳಿಗೆ.

ಇನೇಸ್ ನನ್ನತ್ತ ತಿರುಗಿದಳು. ಇವರು ಭಾರತದವರಲ್ಲವೇ, ನಿಮ್ಮ ಜೊತೆ ಬಂದವರೇ ಎಂದು ಕೇಳಿದಳು. ತಾನ್ಯಾ ಬಾಯಿಗೆ ಕೈ ಹಿಡಿದು ನಗು ತಡೆಯುತ್ತಿದ್ದಳು.

"ನೋ. ಐ ಡೋಂಟ್ ನೋ ಹಿಮ್" ಎಂದೆ.

ಮಾವ ತಲೆಯೆತ್ತಿದ. ನನ್ನನ್ನು ನೋಡಿದ. ರೆಪ್ಪೆ ಬಡಿಯುವಷ್ಟು ಹೊತ್ತೂ ಇಲ್ಲ — ಕಣ್ಣು ತೆಗೆದ. ಎದ್ದು ಪಂಚೆ ಇಳಿಬಿಟ್ಟು ಅಜ್ಜಿಗೆ ಕೈ ಮುಗಿದು, ಆಮೇಲೆ ನನ್ನ ಕಡೆ ತಿರುಗಿ, ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳುವವನ ದನಿಯಲ್ಲಿ ಕೇಳಿದ:

"ಮೇಡಮ್, ತಮಗೆ ಕನ್ನಡ ಬತ್ತದಾ?"

ನಾನು — ಹೌದು ಎಂದು ತಲೆಯಾಡಿಸಿದೆ.

"ಹಂಗಾದ್ರೆ ಈಯಮ್ಮಂಗೆ ಒಂದ್ ಮಾತು ಹೇಳಿ ಮೇಡಮ್. ನಾನ್ ಕದಿಯೋಕ್ ಬಂದಿಲ್ಲ. ಆ ಗುಡ್ಡೆ ಚೆನ್ನಾಗೈತೆ. ಈ ಏಳ್ರಲ್ಲಿ ಆರು ಕೆಟ್ಟವೆ. ಇದೊಂದ್ರಲ್ಲಿ ಹೂವೈತೆ."

ನಾನು ಇಂಗ್ಲಿಷಿಗೆ ತಂದೆ, ಇನೇಸ್ ಅವರ ಭಾಷೆಗೆ ತಂದಳು. ಅಜ್ಜಿ ಮೂಗು ಮುರಿದು, ಮಾವನ ಮುಖವನ್ನೇ ನೋಡುತ್ತ, ಕತ್ತಿಯ ಹಿಂಬದಿಯಿಂದ ಮೊದಲನೆಯದನ್ನು ಒಡೆದಳು. ವಾಸನೆಗೆ ಮುಂದಿನ ಸಾಲಿನವರು ಹಿಂದೆ ಸರಿದರು. ಎರಡನೆಯದು, ಒಳಗೆಲ್ಲ ಕಂದು. ಮೂರನೆಯದು ಒಣಗಿ ಬಿರುಕು. ನಾಲ್ಕು, ಐದು. ಆರನೆಯದಕ್ಕೆ ಜನ ಎಣಿಸತೊಡಗಿದ್ದರು, ಅವರವರ ಭಾಷೆಯಲ್ಲಿ. ಏಳನೆಯದನ್ನು ಅಜ್ಜಿ ಸುಮ್ಮನೆ ಒಡೆಯಲಿಲ್ಲ. ತಾನೂ ಕಿವಿಗೆ ಹಿಡಿದು ನೋಡಿದಳು, ತಲೆಯಾಡಿಸಿದಳು, ಒಡೆದಳು. ಒಳಗೆ ನಿಂಬೆಹಣ್ಣಿನಷ್ಟು ಬಿಳಿ ಹೂವು.

ಓಣಿಯೆಲ್ಲ ಚಪ್ಪಾಳೆ. ನಾನು ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅಂಥದ್ದು ನನಗೆಂದೂ ಬಿದ್ದಿಲ್ಲ — ಯಾರೂ ಸೌಜನ್ಯಕ್ಕೆ ತಟ್ಟಿದ್ದಲ್ಲ ಅದು. ಅಜ್ಜಿ ನಗುತ್ತ ಮಾವನ ಬೆನ್ನಿಗೊಂದು ಗುದ್ದಿದಳು, ತಾನು ಕೂರುವ ಮಣೆ ತಂದು ಹಾಕಿದಳು, ಲೋಟದಲ್ಲಿ ಕಾಯಿಹಾಲು ಕೊಟ್ಟಳು. ಒಳಗಿದ್ದ ಇಡೀ ಬುಟ್ಟಿಯನ್ನು ಎಳೆದು ತಂದು ಅವನ ಮುಂದಿಟ್ಟಳು. ಅಟ್ಟ ಇಳಿಸುವ ಮುಂಚೆ ನಮ್ಮೂರಿನವರು ಇಡುವ ಹಾಗೆಯೇ.

ನನ್ನ ಎದೆ ಉಬ್ಬಿ ಒಡೆಯುವಂತಾಯಿತು. ನಮ್ಮ ಮಾವ ಕಣ್ರೀ, ನಮ್ಮ ಮಾವ, ಎಂದು ಅರಚಬೇಕು ಅನ್ನಿಸಿತು. ಆದರೆ ಐದು ನಿಮಿಷದ ಹಿಂದೆ ನಾನು ಅವನನ್ನು ಗೊತ್ತಿಲ್ಲ ಎಂದಿದ್ದೆ. ಈಗ ಗೊತ್ತು ಎಂದರೆ — ಅವನಿಗೆ ಅವಮಾನವಾಗುವಾಗ ಯಾರೋ ಆಗಿದ್ದವನು ಚಪ್ಪಾಳೆ ಬಿದ್ದಾಗ ಮಾವನಾದ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹಾಗೆ ತಿಳಿಯಲಿ ಎನ್ನುವಷ್ಟು ಧೈರ್ಯ ನನಗಿರಲಿಲ್ಲ.

ಇದು ನಿಮಗೆ ಯಾರು ಕಲಿಸಿದ್ದು ಎಂದು ಅಜ್ಜಿ ಇನೇಸಳ ಮೂಲಕ ಕೇಳಿದಳು. ನಾನು ಅದನ್ನು ಕನ್ನಡಕ್ಕೆ ತಂದೆ. "ನಮ್ಮವ್ವ" ಎಂದ ಮಾವ. ಇನ್ನೊಂದು ಕಾಯಿ ಕಿವಿಗೆ ಹಿಡಿದು, ನನ್ನನ್ನು ನೋಡದೆ, ಸೇರಿಸಿದ: "ಊರಲ್ಲಿ ನನ್ ತಂಗಿ ಮಗ್ಳು ಅವ್ಳೆ ಮೇಡಮ್. ಅವ್ಳಿಗೂ ಕಲ್ಸಿದ್ದೀನಿ. ನನ್ಗಿಂತ ಚುರುಕು ಅವ್ಳು. ಅದನ್ನೂ ಹೇಳ್ಬುಡಿ."

ಹೇಳಿದೆ. ಇಂಗ್ಲಿಷಿಗೆ ತಂದೆ, ಒಂದು ಪದವನ್ನೂ ಬಿಡಲಿಲ್ಲ. ಅಜ್ಜಿ ಹೆಬ್ಬೆರಳೆತ್ತಿದಳು, ಊರಿನಲ್ಲಿರುವ ಆ ಹುಡುಗಿಗೆ.

ಇಲ್ಲಿಗೆ ಮುಗಿದಿದ್ದರೆ ಹೇಡಿತನ ಎಂದು ಬರೆದು ಮುಗಿಸಬಹುದಿತ್ತು. ಮರುದಿನ ಫೈನಲ್ಲಿನ ವಿಷಯ, ಕಾರಣ ಹೇಳಲಾಗದ ತಿಳಿವಳಿಕೆ ತಿಳಿವಳಿಕೆಯೇ ಅಲ್ಲ ಎಂಬುದು. ನಾವು ಪರ. ಅಷ್ಟರಲ್ಲಿ ಓಣಿಯ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಎದುರಾಳಿಗಳು ಅದನ್ನೇ ಎತ್ತಿದರು — ಏಳಕ್ಕೆ ಏಳು ಸರಿ ಹೇಳಿದ ಆ ಮನುಷ್ಯನಿಗೆ ಇರುವುದು ತಿಳಿವಳಿಕೆಯಲ್ಲದೆ ಮತ್ತೇನು?

ನಾನು ಎದ್ದೆ. ಆ ಅಪರಿಚಿತನನ್ನು ನಾನೂ ನೋಡಿದೆ ಎಂದೆ. ಅವನನ್ನೊಂದು ಪ್ರಶ್ನೆ ಕೇಳಿ, ನಿನಗೆ ಹೇಗೆ ಗೊತ್ತಾಯಿತು ಅಂತ. ಅವನು ತನ್ನ ಕಿವಿ ತೋರಿಸುತ್ತಾನೆ. ಕಿವಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸಲು ಬರುವುದಿಲ್ಲ. ಹೀಗೆಂದು ನನ್ನ ಕಿವಿಯನ್ನೇ ಹಿಡಿದು ತೋರಿಸಿದೆ. ಸಭೆ ಗೊಳ್ಳೆಂದು ನಕ್ಕಿತು. ಒಳ್ಳೆಯ ಏಟು — ಈಗಲೂ ಹೇಳುತ್ತೇನೆ, ವಾದವಾಗಿ ಅದರ ಕಟ್ಟೋಣ ಚೆನ್ನಾಗಿತ್ತು. ಅದು ಸುಳ್ಳಾಗಿತ್ತು, ಅಷ್ಟೇ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವನು ಹೇಳಬಲ್ಲ. ನೀರು, ಬಿರುಕು, ಮೆತ್ತಗಿನ ಹೂವು, ಅರ್ಧಕ್ಕೆ ನಿಲ್ಲುವ ಸದ್ದು — ಎಂಟು ವರ್ಷದ ನನಗೆ ಎಲ್ಲ ಹೇಳಿದ್ದ, ಒಡೆದು ತೋರಿಸಿದ್ದ. ಆ ಸಭಾಂಗಣದಲ್ಲಿ ಅದು ಗೊತ್ತಿದ್ದವರು ಇಬ್ಬರು. ಒಬ್ಬಳು ವೇದಿಕೆಯ ಮೇಲಿದ್ದಳು. ಇನ್ನೊಬ್ಬ, ಯಾರೂ ತಿರುಗಿ ನೋಡದ ಕೊನೆಯ ಸಾಲಿನ ಮೂಲೆಯಲ್ಲಿ, ಪಂಚೆ ಉಟ್ಟು ಕೂತಿದ್ದ, ಎಲ್ಲರೂ ನಕ್ಕಾಗ ತಾನೂ ನಕ್ಕ.

ಊರಿಗೆ ಬಂದ ಮೇಲೆ ನನಗೆ ಶಾಲು, ಹಾರ, ಪೇಪರಿನಲ್ಲಿ ಫೋಟೊ. ಮಾವನಿಗೆ ಸಿಕ್ಕಿದ್ದು ಗೇಲಿ. ಕಿಬ್ಬನಹಳ್ಳಿ ಕೈಮರದ ಟೀ ಅಂಗಡಿಯಲ್ಲಿ ನಾನೇ ಕೇಳಿಸಿಕೊಂಡಿದ್ದೇನೆ.

"ಮಕಾವಲ್ಲಿ ಏನ್ ನೋಡ್ದೆ ಮರುಳಣ್ಣ?"

"ಒಂದ್ ಗೋಡೆ ನೋಡ್ದೆ ಕಣ್ಲಾ. ಕಡ್ಲು ನೋಡ್ದೆ."

"ನೋಡ್ರಲಾ, ಗೋಡೆ ನೋಡೋಕೆ ಏರೋಪ್ಲೇನಲ್ಲಿ ಹೋಗವ್ನೆ! ನಮ್ಮನೆ ಹಿಂದ್ಲುದು ತೋರ್ಸಿದ್ರೆ ಆಗ್ತಿರ್ಲಿಲ್ವಾ?"

ಮಾವ ಟೀ ಆರಿಸುತ್ತ ನಗುತ್ತಿದ್ದ. ಏಳು ಕಾಯಿಯ ವಿಷಯ ಅವನ ಬಾಯಿಂದ ಬರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ನನ್ನ ಮೇಲಿನ ಬೇಸರಕ್ಕೆ ಎಂದುಕೊಂಡಿದ್ದೆ. ಹಾಗಂದುಕೊಂಡರೆ ನನಗೂ ಅನುಕೂಲವಿತ್ತು — ಇಬ್ಬರೂ ಆ ಮಾತು ಎತ್ತಬೇಕಾಗಿರಲಿಲ್ಲ.

ಹೋದ ತಿಂಗಳು ಅದೇ ಕೈಮರದಲ್ಲಿ ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದೆವು. ಮತ್ತೆ ಯಾರೋ ಗೋಡೆ ಜೋಕು ಹೊಡೆದು ಹೋದರು. ತಡೆಯಲಾರದೆ ಕೇಳಿದೆ: "ಮಾವ, ಕಾಯಿ ವಿಷಯ ಯಾಕ್ ಹೇಳಲ್ಲ ನೀನು?"

ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಸುಮ್ಕಿರವ್ವ. ಆ ಕಾಯಿ ಆರಿಸ್ದೋನು ನಿನ್ ಮಾವ ಅಂತ ಸ್ಪರ್ಧೆಯೋರಿಗೆ ಗೊತ್ತಾದ್ರೆ ತಟ್ಟೆ ವಾಪಸ್ ಕೇಳ್ತಾರೆ. ಈಗಿನ್ ಕಾಲ್ದಲ್ಲಿ ಒಬ್ರಿಂದೊಬ್ರಿಗೆ ಫೋನಲ್ಲಿ ಹೋಯ್ತದೆ."

ಮೂರು ವರ್ಷ. ಬದುಕಿನಲ್ಲಿ ಅವನಿಗೆ ಬಿದ್ದ ಅಷ್ಟು ದೊಡ್ಡ ಚಪ್ಪಾಳೆಯನ್ನು, ನಾನು ಬಸ್ಸಿನಲ್ಲಿ ಕಟ್ಟಿದ ಒಂದು ರೂಲ್ಸಿಗಾಗಿ, ನನ್ನ ತಟ್ಟೆಗಾಗಿ —

ಅಲ್ಲೇ ಹೇಳಿದೆ. ಮಾವ, ಅಂಥ ರೂಲ್ಸು ಇರಲಿಲ್ಲ. ನನಗೆ ನಿನ್ನ ಜೊತೆ ನಿಲ್ಲೋಕೆ ನಾಚಿಕೆಯಾಯ್ತು. ಮರುದಿನ ಸಭೇಲಿ ನಿನ್ನ ಬಗ್ಗೆ ನಾನು ಹೇಳಿದ್ದೂ ಸುಳ್ಳು.

"ಇರ್ಲಿಲ್ವಾ?" ಎಂದ. ಅಷ್ಟೇ. ಎರಡು ಬಸ್ಸು ಬಂದು ಹೋದವು, ನಾವು ಹತ್ತಲಿಲ್ಲ. ಮೂರನೆಯದು ಬಂದಾಗ, "ಹತ್ತು, ಕೋರ್ಟಿಗ್ ಹೊತ್ತಾಯ್ತದೆ" ಎಂದ. ಅವನು ಹತ್ತಲಿಲ್ಲ. ಊರಿಗೆ ಹೋಗುವ ಬಸ್ಸಿನ ಕಡೆಗೆ ನಡೆದ.

ತಾನ್ಯಾಳಿಗೂ ಇನೇಸಳಿಗೂ ಸ್ಪರ್ಧೆ ನಡೆಸಿದವರಿಗೂ ಎಲ್ಲವನ್ನೂ ಬರೆದಿದ್ದೇನೆ. ತಟ್ಟೆ ಕೇಳಿದರೆ ಕಳಿಸುತ್ತೇನೆ. ಬರುವ ಶನಿವಾರ ನಾನು ಓದಿದ ಶಾಲೆಯಲ್ಲಿ ಚರ್ಚಾಸ್ಪರ್ಧೆಯ ಉದ್ಘಾಟನೆಗೆ ನನ್ನನ್ನು ಕರೆದಿದ್ದಾರೆ. ಮಾವನೂ ವೇದಿಕೆಗೆ ಬರುವುದಾದರೆ ಬರುತ್ತೇನೆ ಎಂದೆ, ಮೇಜಿನ ಮೇಲೆ ಕಾಯಿ ಇಡಿಸಿ ಎಂದೆ. ಒಪ್ಪಿದರು. ನಿನ್ನೆ ಈ ಬರಹವನ್ನು ತೆಗೆದುಕೊಂಡು ಹೋಗಿ ಮಾವನ ಮುಂದೆ ಓದಿದೆ. ಕೊಬ್ಬರಿ ಆರಿಸುತ್ತಿದ್ದ ಅವನು ಕೊನೆಯವರೆಗೂ ಕೇಳಿದ. ಶನಿವಾರದ ಕಾಯಿಯ ಬಗ್ಗೆ ಮಾತ್ರ ಹೇಳಿದ:

"ನಮ್ ತೋಟದ್ ಕಾಯಿ ಇಡ್ಸಬ್ಯಾಡ. ನಾನು ಯಾವತ್ತೂ ಮುಟ್ದೇ ಇರೋವು, ಬ್ಯಾರೆ ಕಡೆಯಿಂದ ತರ್ಸು. ಇಲ್ದಿದ್ರೆ ಪುರಾವೆ ಆಗಕಿಲ್ಲ."

ಇಂಥವನನ್ನು ನಾನು ಕಾರಣ ಹೇಳಲಾರದವನು ಎಂದಿದ್ದೆ. ಅವನು ನನ್ನನ್ನು ಕ್ಷಮಿಸಿದ್ದಾನೆ ಎಂದು ವಾದಿಸುವುದಿಲ್ಲ, ಅದಕ್ಕೆ ನನ್ನ ಬಳಿ ಆಧಾರವಿಲ್ಲ. ತುರುವೇಕೆರೆ ಕಡೆಯಿಂದ ಒಂದು ಚೀಲ ಕಾಯಿ ತರಿಸಿದ್ದೇನೆ, ಚೀಲದ ಬಾಯಿ ಬಿಚ್ಚಿಲ್ಲ. ಶನಿವಾರ ಮೈಕಿನ ಮುಂದೆ ನಿಂತು, ಅವನ ಕೈಗೆ ಮೊದಲ ಕಾಯಿ ಕೊಡುವ ಮುಂಚೆ, ಹೇಳಬೇಕಾದ ವಾಕ್ಯ ಒಂದೇ. ಅದನ್ನು ಓಣಿಯಲ್ಲಿ ಹೇಳಬೇಕಿತ್ತು.

ಈ ಮನುಷ್ಯ ನನಗೆ ಗೊತ್ತು. ಇವನು ನನ್ನ ಮಾವ.